ಆನೆ ಕಾಸಿಗೆ ಎಷ್ಟು ಅಂಕ

"ಬುದ್ಧಿ, ಮೂರು ಮಠ ಸುತ್ತಿ ಬಂದೆ. ಮೂರು ಕಡೆಯೂ ನನ್ನನ್ನು ಪರೀಕ್ಷೆ ಮಾಡಿದರು. ಒಬ್ಬರು ಅರ್ಧ ದಾರಿ ಬಂದಿದ್ದೀಯ ಎಂದರು. ಇನ್ನೊಬ್ಬರು ಮುಕ್ಕಾಲು ಎಂದರು. ಮೂರನೆಯವರು, ನೀನಿನ್ನೂ ಹೊಸಿಲೇ ದಾಟಿಲ್ಲ ಎಂದು ಬೈದು ಕಳಿಸಿದರು. ಇವರಲ್ಲಿ ಯಾರ ಅಳತೆ ಸರಿ? ನೀವಾದರೂ ಹೇಳಿ, ನಾನು ಎಷ್ಟು ಬೆಳೆದಿದ್ದೇನೆ?"

ಕೇಳಿದವನು ಮರುಳಸಿದ್ಧ, ಹನ್ನೊಂದು ವರ್ಷದಿಂದ ಶಿಷ್ಯನಾಗಿರುವವನು. ಮೊದಲ ಮಠದವರು ನಿನ್ನ ನಗು ಹಗುರ ಎಂದದ್ದಕ್ಕೆ ಅವನು ನಗುವುದನ್ನು ಬಿಟ್ಟಿದ್ದ. ಎರಡನೆಯವರು ಸ್ನೇಹ ಬಂಧನ ಎಂದದ್ದಕ್ಕೆ ಗೆಳೆಯರನ್ನು ಬಿಟ್ಟಿದ್ದ. ಮೂರನೆಯವರು ಬೈದ ಮೇಲೆ ಹೊತ್ತಿನ ಊಟವನ್ನೂ ಬಿಡುವುದರಲ್ಲಿದ್ದ.

ಗುರುಗಳಿಗೆ ಸಿಟ್ಟು ಸದಾ ಮೂಗಿನ ತುದಿಯಲ್ಲಿ. "ಕೂತುಕೋ" ಎಂದು ಗದರಿ, ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೆ ಹಳೆಯ ನಾಣ್ಯ ಕೂಡಿಸುವ ಹುಚ್ಚು. ಇರಲಿ, ಒಬ್ಬೊಬ್ಬರಿಗೆ ಒಂದೊಂದು. ಒಂದು ದಿನ ಗುಜರಿಗೆ ಬಂದ ಹಂಡೆಯ ತಳದಲ್ಲಿ ಅವನಿಗೆ ಆನೆಯ ಚಿತ್ರ ಒತ್ತಿದ ಒಂದು ಆನೆ ಕಾಸು ಸಿಕ್ಕಿತು. ತಾಮ್ರದ್ದು, ಇನ್ನೂರು ವರ್ಷ ಹಳೆಯದು. ಹೆಚ್ಚು ಕೈ ಬದಲಾಯಿಸದೆ ಎಲ್ಲೋ ಮೂಲೆಯಲ್ಲಿ ಬಿದ್ದಿದ್ದರಿಂದ ಆನೆಯ ಕಣ್ಣು, ದಂತ, ಬಾಲದ ತುದಿಯ ಕೂದಲು ಎಲ್ಲವೂ ಹಾಗೇ ಇದ್ದವು. ಮೇಲೆ ಒಂದು ಕಂದು ಬಣ್ಣ ಕೂತಿತ್ತು. ನಾಣ್ಯ ಬಲ್ಲವರು ಆ ಬಣ್ಣವನ್ನೇ ನಾಣ್ಯದ ಜೀವ ಎನ್ನುತ್ತಾರೆ. ಅದು ಕಾಲ ಕೊಟ್ಟದ್ದು. ಒಮ್ಮೆ ಹೋದರೆ ಹೋಯಿತು, ಬ್ರಹ್ಮ ಬಂದರೂ ತಿರುಗಿ ಬರುವುದಿಲ್ಲ.

ಆ ಊರಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಅವನಿಗೂ ಅದೇ ಹುಚ್ಚು. ಅವನು ಕಣ್ಣಿಗೆ ಭೂತಗನ್ನಡಿ ಇಟ್ಟು ಆ ಕಾಸನ್ನು ನೋಡಿ, "ಇಂಥದ್ದನ್ನು ನಾನು ಕಂಡೇ ಇರಲಿಲ್ಲ" ಎಂದ. ಪಾತ್ರೆಯವನು ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಇರುತ್ತಾರೆಯೇ? ಆ ಹೊತ್ತಿಗೆ ನಾಣ್ಯಗಳಿಗೆ ಅಂಕ ಕೊಡುವ ಕಂಪನಿಗಳು ಬಂದವು. ನಾಣ್ಯವನ್ನು ಕಳಿಸಿದರೆ ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಚೀಟಿ ಬರೆದು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರ ಮಾಡಿ ಕಳಿಸುತ್ತಾರೆ. ಅಂದಿನಿಂದ ಭಾನುವಾರ ಸೇರುವ ಸಂಗ್ರಹಕಾರರ ಬಾಯಲ್ಲಿ ನಾಣ್ಯದ ಮಾತೇ ಹೋಯಿತು. ನಮ್ಮ ಕಂಪನಿ ಕಟ್ಟುನಿಟ್ಟು, ನಿಮ್ಮದು ಉದಾರಿ, ಅವರದ್ದು ಶುದ್ಧ ದಂಧೆ. ಬರೀ ಇದೇ ಜಗಳ. ಥೂ!

ಪಾತ್ರೆಯವನ ಕಾಸಿಗೆ ಒಂದು ಕಂಪನಿ ಐವತ್ತೆಂಟು ಕೊಟ್ಟಿತು. ಗಡಿಯಾರದವನ ಹತ್ತಿರವೂ ಒಂದು ಆನೆ ಕಾಸಿತ್ತು, ಸೊಂಡಿಲು ಅರ್ಧ ಸವೆದದ್ದು. ಅದಕ್ಕೆ ಬೇರೊಂದು ಕಂಪನಿ ಅರವತ್ತೆರಡು ಕೊಟ್ಟಿತ್ತು. ಪಾತ್ರೆಯವನಿಗೆ ಮೈಯೆಲ್ಲ ಉರಿಯಿತು. ಗಡಿಯಾರದವನು ಅದಕ್ಕೆ ಇನ್ನಷ್ಟು ತುಪ್ಪ ಸುರಿದ. "ನಿಮ್ಮ ಕಂಪನಿಯವರಿಗೆ ಕಣ್ಣಿಲ್ಲ. ನಮ್ಮವರಿಗೆ ಕಳಿಸಿ ನೋಡಿ" ಎಂದ.

ಪಾತ್ರೆಯವನು ಸುತ್ತಿಗೆ ತೆಗೆದುಕೊಂಡು ಡಬ್ಬಿ ಒಡೆದು, ಕಾಸನ್ನು ಎರಡನೆಯ ಕಂಪನಿಗೆ ಕಳಿಸಿದ. ಅರವತ್ತು ಬಂತು. ಎರಡು ಏರಿತ್ತು, ಆದರೂ ಗಡಿಯಾರದವನಿಗಿಂತ ಎರಡು ಕಡಿಮೆ. ಇವನು ಹಲ್ಲು ಕಡಿದು ಮತ್ತೆ ಡಬ್ಬಿ ಒಡೆದ. ಸಿಟ್ಟಿನ ಕೈ, ಸುತ್ತಿಗೆ ಜಾರಿ ಕಾಸಿನ ಅಂಚಿಗೆ ತಗುಲಿತು. ಅದನ್ನೇ ಮೂರನೆಯ ಕಂಪನಿಗೆ ಕಳಿಸಿದ. ಅಂಚಿಗೆ ಪೆಟ್ಟಾಗಿದೆ, ಐವತ್ತೈದು ಎಂದು ಚೀಟಿ ಬಂತು. ತನ್ನ ಸುತ್ತಿಗೆಯನ್ನು ಬೈದನೇ? ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೂರು ಕಂಪನಿಗೂ ಬಾಯಿಗೆ ಬಂದಂತೆ ಬೈದು ಕಾಗದ ಬರೆದ.

ಆಮೇಲೆ ಅವನಿಗೆ ಹೊಳೆಯಿತು, ಕಾಸು ಮಂಕಾಗಿರುವುದಕ್ಕೇ ಅಂಕ ಬರುತ್ತಿಲ್ಲ ಎಂದು. ಇಪ್ಪತ್ತು ವರ್ಷ ತಾಮ್ರದ ಚೊಂಬು ಬೆಳಗಿ ಮಾರಿದವನಿಗೆ ಮತ್ತಿನ್ನೇನು ಹೊಳೆಯಬೇಕು? ಡಬ್ಬಿ ಒಡೆದ. ಹುಣಸೆಹಣ್ಣು ನೆನೆಸಿದ, ಉಪ್ಪು ಬೆರೆಸಿದ, ತೆಂಗಿನ ನಾರಿನಲ್ಲಿ ತಿಕ್ಕಿದ. ಕಂದು ಬಣ್ಣವೆಲ್ಲ ನೀರಾಗಿ ಬಚ್ಚಲಿಗೆ ಹರಿಯಿತು. ಕಾಸು ಫಳಫಳ ಹೊಳೆಯಿತು. ಈಗ ಬಾಯಿ ಮುಚ್ಚುತ್ತಾರೆ ಎಂದುಕೊಂಡು ಮೊದಲನೆಯ ಕಂಪನಿಗೇ ಕಳಿಸಿದ.

ಕಾಸು ತಿರುಗಿ ಬಂತು. ಈ ಸಲ ಚೀಟಿಯಲ್ಲಿ ಅಂಕವೇ ಇರಲಿಲ್ಲ. ತಿಕ್ಕಿದ ನಾಣ್ಯ, ಅಂಕ ಕೊಡಲಾಗದು ಎಂದಷ್ಟೇ ಬರೆದಿತ್ತು.

ಅವನು ಕೆಂಡಾಮಂಡಲವಾಗಿ ಗಡಿಯಾರದ ಅಂಗಡಿಗೆ ನುಗ್ಗಿ, ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ.

"ಎಲ್ಲ ಕಳ್ಳರು! ಈಗ ಹೇಳಿ, ಈ ಮೂರರಲ್ಲಿ ಯಾವ ಕಂಪನಿ ಸರಿ?"

ಗಡಿಯಾರದವನು ಭೂತಗನ್ನಡಿ ಇಟ್ಟು ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖ ಕೆಂಪಾಯಿತು.

"ಕಂಪನಿ ಮನೆ ಹಾಳಾಗಲಿ. ಆ ಬಾಲದ ಕೂದಲು ಎಲ್ಲಿ ಹೋಯಿತು ರೀ? ಇನ್ನೂರು ವರ್ಷ ಉಳಿದು ಬಂದದ್ದನ್ನು ಒಂದೇ ವರ್ಷದಲ್ಲಿ ತಿಂದುಹಾಕಿದಿರಲ್ಲ! ಕಳಿಸಿ ಎಂದು ಹೇಳಿಕೊಟ್ಟ ನನ್ನ ನಾಲಿಗೆಗೆ ಬೆಂಕಿ ಬೀಳಲಿ."

ಪಾತ್ರೆಯವನು ಭೂತಗನ್ನಡಿ ಇಸಿದುಕೊಂಡ. ಒಂದು ವರ್ಷದಿಂದ ಅವನು ಚೀಟಿ ಓದಿದ್ದನೇ ಹೊರತು ಕಾಸನ್ನು ನೋಡಿರಲಿಲ್ಲ. ಈಗ ನೋಡಿದ. ಬಾಲದ ತುದಿ ನುಣ್ಣಗಾಗಿತ್ತು. ಕಣ್ಣಿದ್ದ ಕಡೆ ನಾರಿನ ಗೀರುಗಳಿದ್ದವು. ಆ ಅಂಗಡಿಯಲ್ಲೇ ತಲೆಯ ಮೇಲೆ ಕೈಹೊತ್ತು ಕೂತು, ನಾಚಿಕೆ ಬಿಟ್ಟು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಮೆಲ್ಲಗೆ ಕೇಳಿದ.

"ಪಾಪ. ಆದರೂ ಬುದ್ಧಿ, ಆ ಮೂರರಲ್ಲಿ ಯಾವ ಕಂಪನಿಯ ಅಂಕ ಸರಿ ಇತ್ತು?"

ಗುರುಗಳು ಸಿಡಿದೆದ್ದರು.

"ಮೂರು ಕಡೆ ತಿಕ್ಕಿಕೊಂಡು ನಾಲ್ಕನೆಯ ಅಂಕಕ್ಕೆ ನನ್ನ ಮುಂದೆ ಬಂದು ಕೂತಿದ್ದೀಯಲ್ಲೋ, ಅಂಕ ಹಾಕುವುದಕ್ಕೆ ನಿನ್ನಲ್ಲಿ ನೀನು ಎಷ್ಟು ಉಳಿದಿದ್ದೀಯ?"