ದೇವರ ಬಳಿಯಿದ್ದ ತಪ್ಪು

ಡೋಣಿ ಹೊಳೆಯ ಆಚೆ ದಂಡೆಗೆ ಕರಿಹಳ್ಳವೆಂಬ ಸಣ್ಣ ಊರು. ಊರಾಚೆ ತಗಡು ಹೊದೆಸಿದ ಎರಡು ಕೋಣೆಗಳು. ಒಂದರಲ್ಲಿ ಪೂಜ್ಯ ಮಾತೆ ನಿರಂಜನಾದೇವಿಯವರ ಪೂಜೆ, ಇನ್ನೊಂದರಲ್ಲಿ ಅವರ ದವಾಖಾನೆ. ಪೂರ್ವಾಶ್ರಮದಲ್ಲಿ ವೈದ್ಯಕೀಯ ಓದಿ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಮಾಡಿದ್ದ ಮಾತೆಯವರು ಕಾವಿ ಉಟ್ಟ ಮೇಲೂ ಸ್ಟೆತಸ್ಕೋಪನ್ನು ಬಿಟ್ಟವರಲ್ಲ. ಜನ ಅವರನ್ನು ‘ಅವ್ವಾರು’ ಎನ್ನುತ್ತಿದ್ದರು. ಪ್ರವಚನ ಕೇಳಲು ಬಂದವರಿಗೆ ನಿರಾಶೆಯೇ ಗತಿ. ಮಾತೆಯವರು ಮಾತನಾಡುವುದು ಕಡಿಮೆ, ಕೇಳುವುದು ಹೆಚ್ಚು.

ಕುಟುಂಬ ವೈದ್ಯರಾಗಲು ತರಬೇತಿ ಪಡೆಯುವ ಎಳೆಯ ಡಾಕ್ಟರರು ಆರು ತಿಂಗಳು ಹಳ್ಳಿಯ ದವಾಖಾನೆಯೊಂದರಲ್ಲಿ ಹಿರಿಯರ ಕೈಕೆಳಗೆ ದುಡಿಯಬೇಕಿತ್ತು. ಹಾಗೆ ಆ ವರ್ಷ ಕರಿಹಳ್ಳಕ್ಕೆ ಬಂದವರು ತುಮಕೂರಿನ ಡಾಕ್ಟರ್ ಚಂದ್ರಮೌಳಿಯವರು. ಓದಿನಲ್ಲಿ ಚಿನ್ನದ ಪದಕ ಪಡೆದವರು. ಪದಕವನ್ನು ಊರಲ್ಲೇ ಬಿಟ್ಟು ಬಂದಿದ್ದರೂ ಅದರ ಹೊಳಪು ಮಾತ್ರ ಮುಖದ ಮೇಲೆ ಹಾಗೆಯೇ ಇತ್ತು. ಆರು ತಿಂಗಳ ಕೊನೆಗೆ ಮಾತೆಯವರು ಬರೆದುಕೊಡುವ ವರದಿ ಸರಿಯಿದ್ದರೆ ತರಬೇತಿ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ. ಅದೊಂದೇ ಅವರಿಗಿದ್ದ ಚಿಂತೆ.

ಮಾತೆಯವರ ಕೆಲಸದ ರೀತಿ ಅವರಿಗೆ ಹಿಡಿಸಲಿಲ್ಲ. ಯಾರೇ ಬಂದು ಕುಳಿತರೂ ಮಾತೆಯವರು ಮೊದಲು ಕೇಳುತ್ತಿದ್ದುದು ಬೇನೆಯ ವಿಚಾರವಲ್ಲ. “ಇವತ್ತ ಒಲಿ ಎಷ್ಟಕ್ಕ ಹಚ್ಚಿದಿ? ಏನ್ ಮಾಡಿದ್ದಿ? ಮನ್ಯಾಗ ಕಡೀಕ ಯಾರು ಉಂಡ್ರು?” ಇಷ್ಟಾಗದೆ ನಾಡಿಗೆ ಕೈ ಹಚ್ಚುತ್ತಿರಲಿಲ್ಲ. ರೊಟ್ಟಿ, ಪುಂಡಿಪಲ್ಲೆ, ಅತ್ತೆಯ ಕಾಟ, ಗಂಡನ ಚಟ, ಎಲ್ಲವೂ ಆ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಮಾತೆಯವರು ಮೂವತ್ತು ರೋಗಿಗಳನ್ನು ನೋಡುವ ಹೊತ್ತಿನಲ್ಲಿ ತಾವು ಅರವತ್ತು ಮಂದಿಯನ್ನು ನೋಡಬಹುದೆಂದು ಚಂದ್ರಮೌಳಿಯವರು ಲೆಕ್ಕ ಹಾಕಿದರು. ಅದು ಸುಳ್ಳೂ ಆಗಿರಲಿಲ್ಲ. ಶ್ರಾವಣದ ಹೊತ್ತಿಗೆ ಅವರಿಗೂ ಒಂದು ಮೇಜು ಸಿಕ್ಕಿತು, ಅವರ ಮುಂದಿನ ಸಾಲು ಬೇಗ ಬೇಗ ಕರಗತೊಡಗಿತು.

ಆ ಸಾಲಿನಲ್ಲೇ ಒಂದು ದಿನ ನೀಲಗಂಗವ್ವ ಬಂದು ಕುಳಿತಳು. ಐವತ್ತರ ಆಸುಪಾಸಿನ ಹೆಂಗಸು, ಹೊಲದ ಕೆಲಸದವಳು. ಕಾಲಿನ ಗಾಯ ಮಾಯುತ್ತಿಲ್ಲವೆಂದಳು. ರಕ್ತ ಪರೀಕ್ಷಿಸಿದರೆ ಸಕ್ಕರೆ ವಿಪರೀತ.

“ಊಟ ಸರಿಯಾಗಿ ಮಾಡ್ತೀರೇನಮ್ಮಾ?”

“ಮಾಡ್ತೀನ್ರಿ.”

ಚಂದ್ರಮೌಳಿಯವರು ಚೀಟಿ ಬರೆದರು. ಊಟಕ್ಕೆ ಅರ್ಧ ತಾಸು ಮೊದಲು, ಬೆಳಿಗ್ಗೆ ಒಂದು, ಸಂಜೆ ಒಂದು. “ಒಂದು ಹೊತ್ತೂ ತಪ್ಪಿಸಬಾರದು. ತಪ್ಪಿಸಿದರೆ ಕಾಲೇ ಹೋಗುತ್ತೆ” ಎಂದು ಗದರಿಸಿಯೂ ಹೇಳಿದರು. ನೀಲಗಂಗವ್ವ ತಲೆಯಾಡಿಸಿ ಚೀಟಿಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋದಳು.

ಆಕೆ ಹೇಳದೆ ಉಳಿದ ಮಾತೊಂದಿತ್ತು. ಆಕೆಯ ಮಗಳು ತುಂಬಿದ ಬಸುರಿ. ಹಿಂದೆ ಎರಡು ಸಲ ಕೂಸು ಉಳಿದಿರಲಿಲ್ಲ. ಈ ಸಲ ಹೆರಿಗೆ ಸುಸೂತ್ರವಾಗಲೆಂದು ನೀಲಗಂಗವ್ವ ಬಸವಣ್ಣನಿಗೆ ಹರಕೆ ಹೊತ್ತು ಶ್ರಾವಣವಿಡೀ ಒಪ್ಪತ್ತು ಹಿಡಿದಿದ್ದಳು. ಹೊತ್ತು ಮುಳುಗಿದ ಮೇಲೆ ಒಂದೇ ಊಟ, ಹಗಲು ಬರೀ ನೀರು. ಇಂಥ ವ್ರತವನ್ನು ಕಂಡಕಂಡವರ ಮುಂದೆ ಆಡಿಕೊಂಡರೆ ಫಲ ಕಡಿಮೆಯಾಗುತ್ತದೆಂದು ಆ ಸೀಮೆಯ ಹೆಣ್ಣುಮಕ್ಕಳ ನಂಬಿಕೆ. ಅದಕ್ಕೇ ಅವರು ತಾವಾಗಿ ಬಾಯಿಬಿಡುವುದಿಲ್ಲ. ಒಲೆಯ ವಿಚಾರ ತೆಗೆದು ಕೇಳಿದರೆ ಮಾತ್ರ ಸುಳ್ಳು ಹೇಳಲಾರರು.

ಮೂರನೆಯ ದಿನ ಮಧ್ಯಾಹ್ನ ಹೆಸರಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನೀಲಗಂಗವ್ವ ಕುಕ್ಕರಿಸಿದಲ್ಲೇ ಉರುಳಿದಳು. ಜೊತೆಯಲ್ಲಿದ್ದ ನೆಗೆಣ್ಣಿ ಕಾಶವ್ವ, ಅಂದರೆ ಮೈದುನನ ಹೆಂಡತಿ, ಟಂಟಂ ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ತಂದಳು. ಮೈಯೆಲ್ಲ ತಣ್ಣನೆಯ ಬೆವರು, ಕರೆದರೆ ಓಗೊಡುತ್ತಿಲ್ಲ.

ಮಾತೆಯವರು ಹಣೆ ಮುಟ್ಟಿ ಕಾಶವ್ವನ ಕಡೆ ತಿರುಗಿದರು. “ಒಲಿ ಎಷ್ಟಕ್ಕ ಹಚ್ಚಿದ್ರಿ?”

“ಆಕಿದು ಒಪ್ಪತ್ತು ಐತ್ರೀ ಅವ್ವಾರ. ನಿನ್ನೆ ರಾತ್ರಿ ಉಂಡಾಕಿ.”

ತಮ್ಮ ಕೈಯಿಂದ ಆದದ್ದೇನೆಂದು ಚಂದ್ರಮೌಳಿಯವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಕ್ಕರೆ ಇಳಿಸುವ ಗುಳಿಗೆ ಖಾಲಿ ಹೊಟ್ಟೆಯಲ್ಲಿ ದಿನವಿಡೀ ಕೆಲಸ ಮಾಡಿತ್ತು. ಮಾತೆಯವರು ಗ್ಲೂಕೋಸಿನ ಸಿರಿಂಜನ್ನು ಅವರ ಕೈಗೇ ಕೊಟ್ಟರು. ನರ ಹುಡುಕಿ ಅವರು ಔಷಧ ಏರಿಸಿದರು. ನಾಲ್ಕಾರು ನಿಮಿಷಕ್ಕೆ ನೀಲಗಂಗವ್ವ ಕಣ್ಣು ಬಿಟ್ಟು, “ನಾ ಎಲ್ಲಿದೀನಿ?” ಎಂದಳು. ಸೆರಗಿನ ಗಂಟಿನಿಂದ ಚೀಟಿಯನ್ನು ಬಿಚ್ಚಿ ಓದಿದ ಮಾತೆಯವರು ಅದನ್ನು ಮಡಚಿ ಚಂದ್ರಮೌಳಿಯವರಿಗೆ ಕೊಟ್ಟರು. ಗುಳಿಗೆಯ ಕಸುವು ಇಳಿಯುವವರೆಗೆ, ಮರುದಿನದವರೆಗೂ ಆಕೆಯನ್ನು ಅಲ್ಲಿಯೇ ಇರಿಸಿಕೊಂಡು ಕಳಿಸಿದರು.

ಬೈಗುಳ ಬಂದೀತೆಂದು ಚಂದ್ರಮೌಳಿಯವರು ಮೂರು ದಿನ ಕಾದರು. ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಂದವಳು ಕಾಶವ್ವ.

“ಅವ್ವಾರ, ನಮ್ಮಕ್ಕ ಗುಳಿಗಿ ಎಲ್ಲಾ ಬಾವಿಗೆ ಒಗದ್ಲು. ಒಪ್ಪತ್ತಿನ್ಯಾಗ ಗುಳಿಗಿ ನುಂಗಿದ್ದಕ್ಕ ಬಸವಣ್ಣ ಸಿಟ್ಟಾಗಿ ಕೆಡವ್ಯಾನಂತ. ಇನ್ನ ಸತ್ರೂ ಮುಟ್ಟೂದಿಲ್ಲ ಅಂತಾಳ. ಊರಾಗೂ ಎಲ್ಲಾರೂ ಅದನ್ನ ಅಂತಾರ್ರೀ. ಆಕಿ ಕಾಲು ನೋಡಿದ್ರ ನನಗ ಹೆದರಿಕಿ ಆಗತೈತಿ.”

ನಿಜ ಹೇಳಬೇಕೆಂದರೆ ಚಂದ್ರಮೌಳಿಯವರಿಗೆ ಮೊದಲು ಆದದ್ದು ಸಮಾಧಾನ. ಊರು ತಮ್ಮನ್ನು ದೂರುತ್ತಿಲ್ಲ. ದೇವರ ತಲೆಗೆ ಕಟ್ಟಿದರೆ ಒಂದು ಅನುಕೂಲ, ದೇವರು ಎದುರು ಮಾತಾಡುವುದಿಲ್ಲ. ಆ ಸಮಾಧಾನದ ಬೆನ್ನಿಗೇ ಅವರಿಗೆ ತಮ್ಮ ಮೇಲೆ ಹೇಸಿಗೆಯೂ ಆಯಿತು. ಗುಳಿಗೆ ಇಲ್ಲದಿದ್ದರೆ ಆ ಗಾಯ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಒಬ್ಬರೇ ಇದ್ದರು, ಮತ್ತು ಅವರು ಸುಮ್ಮನೆ ಹತ್ತಿ ಸುತ್ತುತ್ತ ಕುಳಿತಿದ್ದರು.

ಕಾಶವ್ವ ಹೋದ ಮೇಲೆ ಚಂದ್ರಮೌಳಿಯವರು ಮೆಲ್ಲಗೆ ಕೇಳಿದರು. “ತಾಯಿ, ನೀವೊಂದು ಮಾತು ಹೇಳಿಕಳಿಸಿದರೆ ಆಕೆ ಗುಳಿಗೆ ತೆಗೆದುಕೊಳ್ಳುತ್ತಾರೆ. ಬಿಸಿಲಿಗೆ ತಲೆ ಸುತ್ತಿತ್ತು ಅಂದರೆ ಸಾಕು.”

ಮಾತೆಯವರು ಹತ್ತಿ ಸುತ್ತುವುದನ್ನು ನಿಲ್ಲಿಸದೆಯೇ ಹೇಳಿದರು. “ನಿಮ್ಮ ತಪ್ಪು ದೇವರ ಕಡೆ ಅದ, ಡಾಕ್ಟ್ರ. ಹೋಗಿ ಇಸ್ಕೊಂಡು ಬರ್ರಿ.”

ಚಂದ್ರಮೌಳಿಯವರು ನಿಂತೇ ಇದ್ದರು. ವರದಿಯ ನೆನಪೂ ಬಂತು, ಹಳ್ಳಿಯವರ ಕೋಪದ ನೆನಪೂ ಬಂತು. ತಪ್ಪೊಪ್ಪಿಕೊಂಡ ಡಾಕ್ಟರನ ಗುಳಿಗೆಯನ್ನು ಮತ್ತೆ ಯಾರು ನುಂಗುತ್ತಾರೆ? ಅದನ್ನು ಕೇಳಿಯೂ ಬಿಟ್ಟರು. ಮಾತೆಯವರು ಬಾಗಿಲಿನ ಕಡೆ ನೋಡಿದರು. ಅಲ್ಲಿ ಚಂದ್ರಮೌಳಿಯವರ ಚಪ್ಪಲಿಗಳಿದ್ದವು.

ನೀಲಗಂಗವ್ವನ ಮನೆಯಲ್ಲಿ ಹೆಂಗಸರು ಹೊರಗಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದರು. ಡಾಕ್ಟರು ಬಂದರೆಂದು ಕಾಶವ್ವ ಕಂಬಳಿ ಹಾಸಿದಳು. ಚಂದ್ರಮೌಳಿಯವರು ಕುಳಿತುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಅಮ್ಮಾ, ನಿಮ್ಮನ್ನ ಬಸವಣ್ಣ ಕೆಡವಿಲ್ಲ. ನಾನು ಕೆಡವಿದ್ದು. ಆ ಗುಳಿಗೆ ಉಪವಾಸ ಇರೋರಿಗೆ ಹಾಗೆ ಕೊಡಬಾರದು. ನೀವು ಹಗಲು ಉಣ್ಣೋದಿಲ್ಲ ಅಂತ ನಾನು ಸರಿಯಾಗಿ ಕೇಳಲಿಲ್ಲ. ಅವಸರದಲ್ಲಿ ಬರೆದುಕೊಟ್ಟೆ. ತಪ್ಪು ನಂದೇ.”

ಮೊರಗಳು ನಿಂತವು. ಮೊದಲು ಸಿಡಿದವಳು ಕಾಶವ್ವ. “ಇಷ್ಟ ಕಲ್ತ ಡಾಕ್ಟ್ರಿಗೆ ಇಷ್ಟ ಕೇಳಾಕ ಬರೂದಿಲ್ಲೇನ್ರಿ? ನಮ್ಮಕ್ಕ ಹೊಲದಾಗ ಸತ್ತಿದ್ರ ಏನ್ ಮಾಡ್ತಿದ್ರಿ?”

ಚಂದ್ರಮೌಳಿಯವರು ತಲೆ ತಗ್ಗಿಸಿ ನಿಂತರು.

ನೀಲಗಂಗವ್ವ ಮಾತ್ರ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದಳು. “ಅಂದ್ರ ಬಸವಣ್ಣಗ ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?”

“ಇಲ್ಲಮ್ಮಾ. ಅವನು ಇದರಲ್ಲಿ ಇಲ್ಲವೇ ಇಲ್ಲ.”

“ನಾ ಬಿದ್ದದ್ದಕ್ಕ ನನ್ನ ಮಗಳಿಗೆ ಏನರ ಆಗೂದೇನ್ರಿ?”

“ನೀವು ಬಿದ್ದದ್ದು ನನ್ನ ಗುಳಿಗೆಯಿಂದ. ಅದು ಮಗಳಿಗೆ ಮುಟ್ಟೋದಿಲ್ಲ.”

ನೀಲಗಂಗವ್ವ ಮೊರವನ್ನು ಪಕ್ಕಕ್ಕಿಟ್ಟಳು. ಸೆರಗನ್ನು ಬಾಯಿಗೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಳುವಿನ ನಡುವೆಯೇ ಮಾತು ಬಂತು. “ನಾಕ ದಿನಾತು ಯಪ್ಪಾ, ದೇವರ ಜಗಲಿ ಮುಂದ ದೀಪಾ ಹಚ್ಚಿಲ್ಲ. ಯಾವ ಮುಖ ತಗೊಂಡು ಹಚ್ಚಲಿ? ದೇವರು ನನ್ನ ಕೈ ಬಿಟ್ಟಾನ, ನನ್ನ ಮಗಳ ಕೈನೂ ಬಿಟ್ಟಾನ ಅಂತ ಒಬ್ಬಾಕಿನ ಕುಂತಿದ್ನೆಪ್ಪ.”

ರೋಗಿಯ ಪ್ರಾಣಕ್ಕೆ ಕುತ್ತು ತಂದಿದ್ದೆನೆಂದು ಚಂದ್ರಮೌಳಿಯವರು ಅಂದುಕೊಂಡಿದ್ದರು. ಪ್ರಾಣ ಅಂದೇ ತಿರುಗಿ ಬಂದಿತ್ತು. ಆ ಎರಡು ಸಾಲಿನ ಚೀಟಿ ಇವಳಿಂದ ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದು, ತಾವು ಬಾಯಿ ಮುಚ್ಚಿಕೊಂಡಿದ್ದರೆ ಅದು ಎಂದಿಗೂ ಹಿಂದಿರುಗುತ್ತಿರಲಿಲ್ಲ. ಮಾತೆಯವರ ಮಾತಿನ ಅರ್ಥ ಅವರಿಗೆ ಅಲ್ಲಿ, ಆ ಕಟ್ಟೆಯ ಮುಂದೆ ಆಯಿತು. ಅವರು ಬಾಗಿ ಆಕೆಯ ಕಾಲು ಮುಟ್ಟಿದರು. “ಛೀ ಛೀ, ಡಾಕ್ಟ್ರ ಏನ್ ಮಾಡ್ತೀರಿ!” ಎಂದು ಆಕೆ ಹಿಂದೆ ಸರಿದಳು.

ಆಮೇಲೆ ಎದ್ದು ಮುಖ ತೊಳೆದುಕೊಂಡಳು. ಹಾಡುಹಗಲಿನಲ್ಲೇ ಒಳಗೆ ದೇವರ ಜಗಲಿಯ ಹಣತೆಗೆ ಎಣ್ಣೆ ಹೊಯ್ದು ದೀಪ ಹಚ್ಚಿ ಅಡ್ಡಬಿದ್ದಳು. ಹೊರಗೆ ಬಂದು ಡಾಕ್ಟರರ ಎದುರು ಕುಳಿತು, “ಇನ್ನ ಹೇಳ್ರಿ. ಗುಳಿಗಿ ಹೆಂಗ ತಗೋಬೇಕು?” ಎಂದಳು.

“ನನ್ನ ಗುಳಿಗೆ ಮತ್ತೆ ತಗೋತೀರಾ?”

“ಸುಳ್ಳು ಹೇಳಾವ್ರು ಆಗಿದ್ರ ಇಲ್ಲೀತನಕ ಬರ್ತಿರಲಿಲ್ಲ ನೀವು.”

ಚಂದ್ರಮೌಳಿಯವರು ಆಗ ಕಂಬಳಿಯ ಮೇಲೆ ಕುಳಿತು, ಒಲೆಯ ವಿಚಾರದಿಂದಲೇ ಕೇಳತೊಡಗಿದರು. ಆ ಮನೆಯಿಂದ ಅವರು ಏಳುವಾಗ ಒಂದೂವರೆ ತಾಸು ಕಳೆದಿತ್ತು.

ಇಂದು ಅವರು ಎಳೆಯ ವೈದ್ಯರಿಗೆ ಪಾಠ ಹೇಳುವ ಹಿರಿಯರು. ಮಾತೆಯವರು ಲಿಂಗೈಕ್ಯರಾಗಿ ಹಲವು ವರ್ಷಗಳಾದವು. ಅವರು ಈ ಪ್ರಸಂಗವನ್ನು ಬದುಕಿರುವವರೆಗೆ ಯಾರಿಗೂ ಹೇಳಲಿಲ್ಲ, ವರದಿಯಲ್ಲೂ ಬರೆಯಲಿಲ್ಲ. ನಮಗೆ ಇದು ಗೊತ್ತಾದದ್ದು ಚಂದ್ರಮೌಳಿಯವರ ಬಾಯಿಂದಲೇ. ಪ್ರತಿ ವರ್ಷ ಹೊಸಬರ ಮೊದಲ ತರಗತಿಯಲ್ಲಿ ಅವರು ಇದನ್ನೇ ಹೇಳುತ್ತಾರೆ. ತಪ್ಪು ಮಾಡಿದ ಡಾಕ್ಟರು ಯಾರೆಂದು ಯಾರಾದರೂ ಕೇಳುವ ಮೊದಲೇ ತಮ್ಮ ಹೆಸರು ಹೇಳುತ್ತಾರೆ.