ಏನಿಲ್ಲ, ಸುಮ್ನೆ ಕೇಳ್ದೆ

ಒಂದೂರಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದು, ಫೋನ್ ಎತ್ತಿ ಹದಿನೆಂಟು ವರ್ಷ ಕಳೆದವಳು ಪದ್ಮಾಕ್ಷಿ. ಒಂದು ದಿನ ಡಾಕ್ಟರು, ರೋಗಿಗಳ ಮೆಸೇಜಿಗೆ ಉತ್ತರ ಕೊಡಲಿ ಅಂತ ಕ್ಲಿನಿಕ್ಕಿನ ಮೊಬೈಲಿಗೆ ಒಂದು ಚಾಟ್‌ಬಾಟ್ ಹಾಕಿಸಿದರು. ಅದಕ್ಕೆ ಸ್ನೇಹಾ ಅಂತ ಹೆಸರನ್ನೂ ಇಟ್ಟರು.

"ನೋಡಿ ಪದ್ಮಾಕ್ಷಮ್ಮ, ಸ್ನೇಹಾ ಒಂದು ದಿನಾನೂ ಸಿಡುಕಲ್ಲ!"

ಪದ್ಮಾಕ್ಷಿ ನಕ್ಕಳು. ಹೊಟ್ಟೆಯೊಳಗೆ ಮಾತ್ರ ಒಗ್ಗರಣೆ ಚಟಪಟ ಅಂತಿತ್ತು. ಬಂದವರೆಲ್ಲ, "ಆ ಹುಡುಗಿ ಎಷ್ಟು ನಯವಾಗಿ ಮಾತಾಡುತ್ತೆ!" ಅನ್ನೋರು. ಹುಡುಗಿಯಂತೆ, ಹುಡುಗಿ! ಅಂದಿನಿಂದ ಸ್ನೇಹಾ ಕಳಿಸಿದ ಒಂದೊಂದು ಉತ್ತರವನ್ನೂ ಅವಳು ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ ಓದಿದಳು. ತಿಂಗಳಾದರೂ ಒಂದು ಕಲ್ಲೂ ಸಿಗಲಿಲ್ಲ.

ಒಂದು ಬೆಳಿಗ್ಗೆ ಒಂಬತ್ತಕ್ಕೆ, ಎದುರಿನ ದೋಸೆ ಹೋಟೆಲಿನ ನೀಲಮ್ಮನ ಮೆಸೇಜು ಬಂತು: "ಡಾಕ್ಟ್ರು ಇದಾರಾ? ಏನಿಲ್ಲ, ಸುಮ್ನೆ ಕೇಳ್ದೆ."

ಸ್ನೇಹಾ ಥಟ್ಟನೆ ಬರೆಯಿತು: "ಇದ್ದಾರೆ. ನೀವು ಆರೋಗ್ಯವಾಗಿರುವುದು ಸಂತೋಷ. ಶುಭದಿನ!"

ಸಿಕ್ಕಿತು ಕಲ್ಲು! ಒಂಬತ್ತು ಗಂಟೆ ಅಂದರೆ ನೀಲಮ್ಮನ ಕಾವಲಿಗೆ ಬಿಡುವೇ ಇರದ ಹೊತ್ತು. ಆಗ ದೋಸೆ ಬಿಟ್ಟು ಯಾರು ಸುಮ್ನೆ ಕೇಳುತ್ತಾರೆ? ಕೈಗೆ ಕಾದ ಎಣ್ಣೆ ಬಿದ್ದಾಗಲೂ "ಏನಿಲ್ಲ" ಅಂದಿದ್ದ ಹೆಂಗಸು ಅವಳು.

'ಇರಲಿ. ಮುದ್ದಿನ ಸ್ನೇಹಾಳ ಜಾಣತನ ಡಾಕ್ಟರೂ ನೋಡಲಿ' ಅಂತ ಪದ್ಮಾಕ್ಷಿ ಕೂತೇ ಇದ್ದಳು. ಒಂದು ನಿಮಿಷ. ಎರಡು ನಿಮಿಷ. ಐದು.

ಆಗ ಎದುರಿನಿಂದ ದೋಸೆ ಸೀದ ವಾಸನೆ ಬಂತು. ನೀಲಮ್ಮನ ದೋಸೆ ಎಂದೂ ಸೀದಿದ್ದಿಲ್ಲ.

ಪದ್ಮಾಕ್ಷಿ ಬರಿಗಾಲಲ್ಲೇ ಓಡಿದಳು. ಹೊರಗೆ ಗಿರಾಕಿಗಳು ದೋಸೆಗೆ ಕೂಗುತ್ತಿದ್ದರು. ಒಳಗೆ ನೀಲಮ್ಮ ಒಲೆ ಪಕ್ಕ ಕುಸಿದು, ಎದೆ ಒತ್ತಿಕೊಂಡು ಬೆವರುತ್ತಿದ್ದಳು.

"ಏನಿಲ್ಲ ಕಣಮ್ಮ, ಗ್ಯಾಸು ಅಷ್ಟೇ..."

"ಬಾಯಿ ಮುಚ್ಚೇ ಮಾರಾಯ್ತಿ! ಸಾರ್, ಬೇಗ ಬನ್ನಿ!"

ಡಾಕ್ಟರು ಓಡಿ ಬಂದರು. ಹೊತ್ತಿಗೆ ಸರಿಯಾಗಿ ದೊಡ್ಡಾಸ್ಪತ್ರೆಗೆ ಸೇರಿಸಿದ್ದಕ್ಕೆ ಜೀವ ಉಳಿಯಿತು.

ಸಂಜೆ ಡಾಕ್ಟರು ಮೆಸೇಜು ಓದಿ ಕೇಳಿದರು, "ಏನಿಲ್ಲ ಅಂತಾನೇ ಬರೆದಿದ್ದಾರೆ. ನಿಮಗೆ ಹೇಗೆ ಗೊತ್ತಾಯ್ತು?"

"ಏನಿಲ್ಲ ಅಂತ ಹೇಳೋಕೆ ಯಾರಾದ್ರೂ ಡಾಕ್ಟ್ರನ್ನ ಹುಡುಕ್ತಾರಾ ಸಾರ್?"

ಡಾಕ್ಟರು ಕೈಮುಗಿದರು. ತಿಂಗಳಿನಿಂದ ಕಾದಿದ್ದ ಹೊಗಳಿಕೆ ಅದು. ಪದ್ಮಾಕ್ಷಿಗೆ ತಲೆ ಎತ್ತಲಾಗಲಿಲ್ಲ. ಆ ಐದು ನಿಮಿಷದ ಲೆಕ್ಕ ಅವಳಿಗೊಬ್ಬಳಿಗೇ ಗೊತ್ತಿತ್ತು.

ನೀತಿ: ಬಾಯಿಬಿಟ್ಟು ಹೇಳದ ನೋವು ಯಂತ್ರಕ್ಕೆ ಕೇಳಿಸದು, ಅದು ಅದರ ಮಿತಿ. ಕೇಳಿಸಿದ ಮೇಲೂ ಹೊಟ್ಟೆಕಿಚ್ಚಿಗೆ ಸುಮ್ಮನೆ ಕೂತರೆ, ಅದು ನಮ್ಮ ತಪ್ಪು.