ಬೂದಿ ಕೆದಕಿದ ಅಂಬರಗುಬ್ಬಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಾಶ್ಮೀರದ ಕಣಿವೆಯಲ್ಲಿ ನಿಂತಿದ್ದ ಸರೋವರ ಬಸಿದುಹೋಗಿ ನೆಲ ಆಗಷ್ಟೇ ಕಾಣಿಸಿಕೊಂಡಿತ್ತು. ಎತ್ತ ಹರಿಯಬೇಕೆಂದು ತಿಳಿಯದೆ ವಿತಸ್ತಾ ನದಿ ಸುತ್ತಿ ಸುತ್ತಿ ನಡೆಯುತ್ತಿತ್ತು.

ಆಗ ಅಂಬರಗುಬ್ಬಿಯ ಬಾಲ ಕವಲಾಗಿರಲಿಲ್ಲ, ಗಂಟಲು ಕೆಂಪಾಗಿರಲಿಲ್ಲ. ಅದು ಯಾವ ಊರಿಗೂ ವಲಸೆ ಹೋಗುತ್ತಿರಲಿಲ್ಲ. ಪೋಶಿ ಎಂಬ ಅಜ್ಜಿಯ ಮನೆಯೊಳಗೆ, ತೊಲೆಯ ಮೇಲೆ ಗೂಡು ಕಟ್ಟಿಕೊಂಡು ಹಾಯಾಗಿತ್ತು.

ಪೋಶಿ ಅಜ್ಜಿಗೂ ಆ ಹಕ್ಕಿ ಬಿಟ್ಟರೆ ಯಾರೂ ಇರಲಿಲ್ಲ. ಬೆಳಗಾದರೆ ಮುಖವೆತ್ತಿ, "ನಿನ್ನ ಕಷ್ಟವೆಲ್ಲ ನನಗಿರಲಿ, ಮಗಳೇ" ಅನ್ನುತ್ತಿದ್ದಳು. ಆ ಸೀಮೆಯ ಅಜ್ಜಿಯರು ಮುದ್ದು ಮಾಡುವುದೇ ಹಾಗೆ, ಇವತ್ತಿಗೂ. ನಾನು ನಿನ್ನನ್ನು ಬಂಗಾರ ಅನ್ನುವುದಿಲ್ಲವೇ ಪುಟ್ಟಿ, ಹಾಗೆ.

ಚಳಿಗಾಲ ಬಂತು. ಹಿಮ ಕಿಟಕಿಯ ತನಕ ಬಿತ್ತು. ಮನೆಯಲ್ಲಿದ್ದ ಬೆಂಕಿಯೆಂದರೆ ಅಜ್ಜಿಯ ಕಾಂಗ್ರಿಯಲ್ಲಿದ್ದ ಕೆಂಡ ಮಾತ್ರ. ಕಾಂಗ್ರಿಯೆಂದರೆ ಕಡ್ಡಿಬುಟ್ಟಿಯೊಳಗೆ ಕೂರಿಸಿದ ಮಣ್ಣಿನ ಕುಡಿಕೆ. ಅಲ್ಲಿಯವರು ಅದನ್ನು ನಿಲುವಂಗಿಯೊಳಗೆ ಹಿಡಿದುಕೊಂಡು ಚಳಿ ಕಳೆಯುತ್ತಾರೆ. ಅದು ಆರಿದರೆ ಇನ್ನೊಂದು ಕೆಂಡ ಸಿಗುವುದು ಗುಡ್ಡದಾಚೆಯ ಊರಲ್ಲಿ.

ಒಂದು ಮಧ್ಯಾಹ್ನ ಅಜ್ಜಿ ಕೆಂಡದ ಮೇಲೆ ಬೂದಿ ಮುಚ್ಚಿ, ಒಣಕಡ್ಡಿ ಆಯ್ದು ತರಲು ಹೊರಟಳು. ಬೂದಿ ಮಾತ್ರ ಕೆದಕಬೇಡ ಎಂದು ಹಕ್ಕಿಗೆ ಹೇಳಿದಳು. ಯಾಕೆ ಅಂತ ಹೇಳಲಿಲ್ಲ. ನಾವು ದೊಡ್ಡವರು ಹೀಗೇ, ಬೇಡ ಅನ್ನುತ್ತೇವೆ, ಯಾಕೆ ಅನ್ನುವುದನ್ನು ನುಂಗಿಬಿಡುತ್ತೇವೆ.

ಅಜ್ಜಿ ಅತ್ತ ಹೋದದ್ದೇ ತಡ, ಕೆಂಡ ಅಳತೊಡಗಿತು. ಅದೂ ಹೊಸ ಲೋಕದ ಕೂಸು, ಅದಕ್ಕೇನು ಗೊತ್ತು?

"ನನ್ನನ್ನು ಹೂತುಬಿಟ್ಟಿದ್ದಾರೆ, ಅಕ್ಕಾ. ಉಸಿರು ಕಟ್ಟುತ್ತಿದೆ" ಎಂದಿತು.

ಹಕ್ಕಿಯ ಕರುಳು ಚುರ್ ಎಂದಿತು. ಕೆಳಗಿಳಿದು ಬಾಲದಿಂದ ಬೂದಿ ಗುಡಿಸಿತು. ಕೆಂಡ ಖುಷಿಯಿಂದ ಧಗಧಗ ಉರಿಯಿತು. ಆ ಉರಿಗೆ ಬಾಲದ ನಡುವಿನ ಗರಿಗಳು ಸುಟ್ಟು, ಅಂಚಿನವೆರಡು ಉಳಿದವು. ಉರಿದಷ್ಟೂ ಕೆಂಡ ಸವೆಯಿತು. ಕೊನೆಗೆ ಉಳಿದ ಚೂರನ್ನಾದರೂ ಕಾಪಾಡೋಣವೆಂದು ಹಕ್ಕಿ ಬಾಯಲ್ಲಿಟ್ಟುಕೊಂಡಿತು. ಗಂಟಲು ಸುಟ್ಟಿತು, ಚೂರೂ ಆರಿತು.

ಬೂದಿ ಕೆಂಡಕ್ಕೆ ಹೊದಿಕೆ, ಪುಟ್ಟಿ. ಪಾಪ, ಹಕ್ಕಿಗೆ ಅದು ಗೊತ್ತಿರಲಿಲ್ಲ.

ಅಜ್ಜಿ ಬಂದು ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ ನನಗೆ. ಹಕ್ಕಿಯ ಗಂಟಲಿಗೆ ಬೆಣ್ಣೆ ಸವರಿ, ತಣ್ಣಗಾದ ಕಾಂಗ್ರಿ ಎತ್ತಿಕೊಂಡಳು.

"ಅಯ್ಯೋ ಪಾಪ ಅಂತ ಮಾಡಿದ್ದು ನೀನು, ನನಗೆ ಗೊತ್ತು. ನಿನ್ನ ಕಷ್ಟವೆಲ್ಲ ನನಗಿರಲಿ" ಎಂದಳು. ಗುಡ್ಡದ ದಾರಿ ಹಿಡಿದಳು.

ಹಿಂದೆಯೇ ಹಿಮ ಸುರಿಯಿತು. ಅಜ್ಜಿ ಬರಲಿಲ್ಲ.

ಹಕ್ಕಿ ಕಾದು ಕಾದು ಸೋತು ಗಾಳಿಯನ್ನು ಕೇಳಿತು. ದಾರಿಯೆಲ್ಲ ಮುಚ್ಚಿದೆ, ಹಿಮ ಕರಗಿಸಲು ಸೂರ್ಯನೇ ಬೇಕು, ಅವನು ದಕ್ಷಿಣಕ್ಕೆ ಹೋಗಿದ್ದಾನೆ ಎಂದಿತು ಗಾಳಿ. ಹಕ್ಕಿ ಹಾರಿತು. ಹಾರಿ ಹಾರಿ ನಮ್ಮ ಸೀಮೆಗೆ ಬಂತು. ಬೇಗ ಬಾ ಎಂದು ಸೂರ್ಯನನ್ನು ಗೋಗರೆಯಿತು. ಸೂರ್ಯನೂ ಬಂದ, ಆದರೆ ಅವನ ನಡಿಗೆ ನಿಧಾನ. ಕಣಿವೆ ತಲುಪುವ ಹೊತ್ತಿಗೆ ಬಾದಾಮಿ ಮರಗಳು ಹೂಬಿಟ್ಟಿದ್ದವು. ಅಜ್ಜಿಯ ಮನೆಯಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಅಲ್ಲಿಯ ಜನ ವಸಂತದಲ್ಲಿ ಅಂಬರಗುಬ್ಬಿಗೆಂದು ಕಿಟಕಿ ತೆರೆದಿಡುತ್ತಾರೆ. ಅದು ಒಳಗೆ ಬಂದು, ಗೂಡು ಕಟ್ಟುವ ಮುಂಚೆ ಕೋಣೆಯನ್ನೊಮ್ಮೆ ಸುತ್ತಿ ನೋಡುತ್ತದೆ.

ಚಳಿಗಾಲದಲ್ಲಿ ನಮ್ಮ ಬೀದಿಯ ಕರೆಂಟು ತಂತಿಯ ಮೇಲೆ ಸಾಲಾಗಿ ಕೂತಿರುತ್ತವಲ್ಲ, ಕೆಂಪು ಗಂಟಲು, ಕವಲು ಬಾಲ, ಅವೇ. ಸೂರ್ಯನನ್ನು ಕರೆದೊಯ್ಯಲು ಬಂದಿವೆ. ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ ತಂತಿ ಖಾಲಿಯಿದ್ದರೆ, ಈ ಸಲವಾದರೂ ಅಜ್ಜಿ ಮನೆಗೆ ಬಂದಿದ್ದಾಳಾ ಅಂತ ನೋಡಲು ಹೋದವು ಅಂದುಕೋ.